ಪಾಠ ಪರದೆಗೆ ಬಂದ ಮಾತ್ರಕ್ಕೆ ವಸಾಹತುಶಾಹಿ ನೋಟ ಕಳಚುತ್ತದೆಯೇ?

ಪ್ರಶ್ನೆ
ಮಾನ್ಯರೇ, ನಾನು ಪದವಿ ತರಗತಿಗಳಿಗೆ ಇತಿಹಾಸ ಕಲಿಸುತ್ತೇನೆ. ಪಠ್ಯಕ್ರಮವನ್ನು ವಸಾಹತುಶಾಹಿ ನೋಟದಿಂದ, ಅಂದರೆ ಆಳಿದವರ ಕಣ್ಣಿನಿಂದಲೇ ಜಗತ್ತನ್ನು ಕಾಣುವ ರೂಢಿಯಿಂದ, ಬಿಡಿಸಬೇಕೆಂದು ನಮ್ಮ ವಿಭಾಗ ತೀರ್ಮಾನಿಸಿ, ಮೊದಲ ಹೆಜ್ಜೆಯಾಗಿ ಪಾಠಗಳನ್ನೆಲ್ಲ ಆನ್‌ಲೈನ್ ವೇದಿಕೆಗೆ ಏರಿಸಿತು. ವರ್ಷ ಕಳೆದ ಮೇಲೆ ನೋಡಿದರೆ ಓದಿಸುವ ಲೇಖಕರು ಅವರೇ, ಪರೀಕ್ಷೆಯ ಪ್ರಶ್ನೆಗಳೂ ಅವೇ. ಕಪ್ಪುಹಲಗೆಯ ಜಾಗಕ್ಕೆ ಪರದೆ ಬಂದಿದೆ, ಅಷ್ಟೇ. ಈ ಕೆಲಸಕ್ಕೆ ತಂತ್ರಜ್ಞಾನ ನಿಜವಾಗಿ ಒದಗಿಬಂದ ಉದಾಹರಣೆಗಳಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1
ನಿಮ್ಮ ಅನುಮಾನ ಸರಿಯಾಗಿಯೇ ಇದೆ. 1968ರಲ್ಲಿ ಕೀನ್ಯಾದ ನೈರೋಬಿಯಲ್ಲಿ ಅಲ್ಲಿನ ಲೇಖಕ ಗೂಗಿ ವಾ ಥಿಯಾಂಗೊ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗವನ್ನೇ ರದ್ದುಪಡಿಸಿ, ಆಫ್ರಿಕಾದ ಸಾಹಿತ್ಯವನ್ನು ನಡುವೆ ಇಟ್ಟು ಉಳಿದ ಸಾಹಿತ್ಯಗಳನ್ನು ಅದರೊಂದಿಗಿನ ಸಂಬಂಧದಲ್ಲಿ ಓದಿಸಬೇಕೆಂದು ಬರೆದುಕೊಟ್ಟರು. ಯಾವುದನ್ನು ನಡುವೆ ಇಡಬೇಕೆಂಬುದನ್ನು ನಿಮ್ಮ ವಿಭಾಗ ಇನ್ನೂ ಚರ್ಚಿಸಿಯೇ ಇಲ್ಲವೆಂದು ತೋರುತ್ತದೆ.

ಉತ್ತರ 2
ನಾನು ಭೂಗೋಳ ಕಲಿಸುವವಳು. ನನಗೆ ಒದಗಿಬಂದದ್ದು ನಕ್ಷೆ. ನಕ್ಷೆಗಾರ ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ರಚಿಸಿದ ನಕ್ಷೆಯಲ್ಲಿ ಧ್ರುವಗಳತ್ತ ಹೋದಂತೆ ನೆಲ ಹಿಗ್ಗುತ್ತದೆ. ಹೀಗಾಗಿ ಗ್ರೀನ್‌ಲ್ಯಾಂಡಿಗಿಂತ ಸುಮಾರು 14 ಪಟ್ಟು ದೊಡ್ಡದಾದ ಆಫ್ರಿಕಾ ಹೆಚ್ಚುಕಡಿಮೆ ಅದರಷ್ಟೇ ಕಾಣುತ್ತದೆ. ಅಂತರಜಾಲದ ಬಹಳಷ್ಟು ನಕ್ಷೆಗಳೂ ಇದರ ರೂಪಾಂತರವನ್ನೇ ಬಳಸುತ್ತವೆ. ಆದರೆ ಗ್ರೀನ್‌ಲ್ಯಾಂಡನ್ನು ಬೆರಳಿನಿಂದ ಹಿಡಿದು ಸಮಭಾಜಕ ವೃತ್ತದವರೆಗೆ ಎಳೆಯಬಹುದಾದ ನಕ್ಷೆಗಳೂ ಅದೇ ಪರದೆಯಲ್ಲಿ ಸಿಗುತ್ತವೆ. ವಿದ್ಯಾರ್ಥಿ ಎಳೆದಂತೆಲ್ಲ ಅದು ಕುಗ್ಗುತ್ತಾ ಬಂದು, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕಿಂತ ತುಸು ಚಿಕ್ಕದಾಗಿ ನಿಂತಾಗ, "ಹಾಗಾದರೆ ಇಷ್ಟು ದಿನ ಗೋಡೆಯ ಮೇಲೆ ನೋಡಿದ್ದೇನು?" ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. (ಮರ್ಕೇಟರನನ್ನು ಬೈಯಬೇಕಾಗಿಲ್ಲ. ದಿಕ್ಸೂಚಿ ಹಿಡಿದು ಸಾಗುವವರಿಗೆ ಅದು ಒಳ್ಳೆಯ ನಕ್ಷೆಯೇ. ಅದನ್ನು ತರಗತಿಯ ಗೋಡೆಗೆ ತೂಗುಹಾಕಿದವರನ್ನು ಕೇಳಬೇಕು.)

ಉತ್ತರ 3
ಭೂಗೋಳದ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೇ ನ್ಯಾಯವೆಂಬ ನಂಬಿಕೆ ಡಿಜಿಟಲ್ ಲೋಕದಲ್ಲಿ ಬಲವಾಗಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ವಾರುಮುಂಗು ಸಮುದಾಯದ ಜೊತೆಗೂಡಿ ರೂಪುಗೊಂಡ, ಚಿತ್ರ-ದಾಖಲೆಗಳನ್ನು ಕೂಡಿಡುವ ಮುಕುರ್ತು ಎಂಬ ತಂತ್ರಾಂಶ ಹಾಗೆ ಮಾಡುವುದಿಲ್ಲ. ಯಾವ ಚಿತ್ರವನ್ನು ಯಾರು ನೋಡಬಹುದೆಂಬುದನ್ನು ಅಲ್ಲಿ ಸಮುದಾಯವೇ ಗೊತ್ತುಪಡಿಸುತ್ತದೆ. ಚಿತ್ರದಲ್ಲಿರುವವರ ಬಗೆಗಿನ ಆ ಎಚ್ಚರ ನಮಗೂ ಬೇಕು. ನೀವು ವಸಾಹತು ಕಾಲದ ಹಳೆಯ ಛಾಯಾಚಿತ್ರವೊಂದನ್ನು ವೇದಿಕೆಗೆ ಏರಿಸುವಾಗ, ಅದರ ಅಡಿಬರಹದಲ್ಲಿ ಅಧಿಕಾರಿಯ ಹೆಸರಿದ್ದು ಪಕ್ಕದಲ್ಲಿರುವವರನ್ನು "ಸ್ಥಳೀಯರು" ಎಂದಷ್ಟೇ ನಮೂದಿಸಿದ್ದರೆ, ಪಾಠವನ್ನು ಆ ಅಡಿಬರಹದಿಂದಲೇ ಆರಂಭಿಸಬಹುದು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ಅಂಥ ಚಿತ್ರಗಳು ನಮ್ಮ ಎರಡನೆಯ ಘಟಕದಲ್ಲಿಯೇ ನಾಲ್ಕಿವೆ. ಅವುಗಳ ಅಡಿಯ ಬರಹವನ್ನು ನಾನೇ ಯೋಚಿಸದೆ ನಕಲು ಮಾಡಿದ್ದೆ.