ಗಾವ್‌ಕಾವ್ ಇಂಗ್ಲಿಷ್, ರೀಡಿಂಗ್ ಭಾಗ: ಮೇಡಂ ಅವರನ್ನು ಕೇಳಿ

ಅಡ್ಮಿನ್: ಚೀನಾದ ಹೈಸ್ಕೂಲಿನಲ್ಲಿ ಓದೋ ಮಕ್ಕಳ ಪೋಷಕರು, ಅಲ್ಲಿ ಪಾಠ ಹೇಳೋರು ಗಾವ್‌ಕಾವ್ (ಅಲ್ಲಿ ಕಾಲೇಜು ಸೇರೋಕೆ ಬರೆಯೋ ಪರೀಕ್ಷೆ) ಬಗ್ಗೆ ಕೇಳ್ತಾನೇ ಇದ್ದಿರಿ. ಇವತ್ತು ಮೇಡಂ ಉತ್ತರಿಸ್ತಾರೆ. ರೀಡಿಂಗ್ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಹಾಕಬೇಡಿ.

ಮೇಡಂ: ನಮಸ್ಕಾರ. ಮೊದಲು ಲೆಕ್ಕ ಹೇಳಿಬಿಡ್ತೀನಿ. ಹಲವು ಪ್ರಾಂತ್ಯಗಳು ಬಳಸೋ ‘ನ್ಯಾಷನಲ್ ಪೇಪರ್ 1’ರ ಇಂಗ್ಲಿಷ್: 150 ಅಂಕ, 120 ನಿಮಿಷ. ಲಿಸನಿಂಗ್ 30. ರೀಡಿಂಗ್ 50. ಅದರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಗದ್ಯಭಾಗಕ್ಕೆ 15 ಪ್ರಶ್ನೆ, ಮೇಲೆ ‘ಏಳರಲ್ಲಿ ಐದು’ ಅನ್ನೋ ಭಾಗಕ್ಕೆ (ಕೊಟ್ಟ ಏಳು ವಾಕ್ಯದಲ್ಲಿ ಐದನ್ನ ಗದ್ಯದ ಖಾಲಿ ಜಾಗಕ್ಕೆ ತುಂಬೋದು) 5 ಪ್ರಶ್ನೆ. ಒಂದೊಂದಕ್ಕೂ ಎರಡೂವರೆ ಅಂಕ. ಕ್ಲೋಜ್ (ಗದ್ಯದ ಬಿಟ್ಟ ಪದವನ್ನ ಆಯ್ಕೆಯಿಂದ ತುಂಬೋದು) 15, ವ್ಯಾಕರಣದ ಬಿಟ್ಟ ಸ್ಥಳ 15, ಬರವಣಿಗೆ 40. ಶಾಂಘೈ, ಬೀಜಿಂಗ್, ಟಿಯಾಂಜಿನ್ ತಮ್ಮ ಪತ್ರಿಕೆ ತಾವೇ ಮಾಡ್ಕೊಳ್ತಾರೆ, ಅಲ್ಲಿಯವರು ಈ ಅಂಕ ನೋಡಿ ಗೊಂದಲ ಮಾಡ್ಕೋಬೇಡಿ.

ಯಿವೂ ಊರಿನ ಸದಸ್ಯ: ಮೇಡಂ, ನಾನು ಪಾಠ ಹೇಳೋ ಹುಡುಗ 3500 ಪದದ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದಾನೆ. ಕೇಳಿದ್ರೆ ಅರ್ಥ ಪಟಪಟ ಹೇಳ್ತಾನೆ. ಗದ್ಯ ಕೊಟ್ರೆ ಮಾತ್ರ ಮಂಕಾಗ್ತಾನೆ. ಯಾಕೆ?

ಮೇಡಂ: ಪಠ್ಯಕ್ರಮ ಗಾವ್‌ಕಾವ್‌ಗೆ ಕೇಳೋದು 3000ದಿಂದ 3200 ಪದ. ಅಷ್ಟು ಅವನ ಹತ್ರ ಇದೆ. ಆದರೆ ಒಂದು ಪದಕ್ಕೆ ಒಂದೇ ಅರ್ಥ ಕಟ್ಟಿಕೊಂಡು ಕೂತಿದ್ದಾನೆ. ‘ಅಡ್ರೆಸ್’ ಅಂದ್ರೆ ವಿಳಾಸ ಗೊತ್ತು, ‘ಅಡ್ರೆಸ್ ದ ಪ್ರಾಬ್ಲಂ’ (ಸಮಸ್ಯೆಗೆ ಪರಿಹಾರ ನೋಡು) ಬಂದಾಗ ನಿಂತುಬಿಡ್ತಾನೆ. ‘ನಾವೆಲ್’ ಕಾದಂಬರಿ ಗೊತ್ತು, ‘ಎ ನಾವೆಲ್ ಐಡಿಯಾ’ (ಹೊಸ ಯೋಚನೆ) ಗೊತ್ತಿಲ್ಲ. ‘ವೆದರ್’ ಕ್ರಿಯಾಪದವಾಗಿ (ತಾಳಿಕೊಳ್ಳು) ಬಂದ್ರೆ ಹವಾಮಾನ ಅಂತಲೇ ಓದ್ತಾನೆ. ಪ್ರಶ್ನೆ ಮಾಡೋರು ಇಂಥ ಕಡೆಯೇ ಕೈ ಇಡ್ತಾರೆ. ಹೊಸ ಪದ ನಿಲ್ಲಿಸಿ. ಹಳೇ ಪತ್ರಿಕೆ ಬಿಡಿಸುವಾಗ ‘ಪದ ಗೊತ್ತು, ವಾಕ್ಯಕ್ಕೆ ಕೂರಲಿಲ್ಲ’ ಅನಿಸಿದ್ದನ್ನ ಇಡೀ ವಾಕ್ಯದ ಸಮೇತ ಒಂದು ನೋಟ್‌ಬುಕ್ಕಿಗೆ ಇಳಿಸಲಿ. ಪದವೊಂದನ್ನೇ ಬರೆದರೆ ಮತ್ತೆ ಅದೇ ಕಥೆ.

ಗುವಾಂಗ್‌ಝೌ ಅಮ್ಮ: ಮೇಡಂ, ಮಗಳು ಹೈಸ್ಕೂಲ್ ಎರಡನೇ ವರ್ಷ, ಅಂದ್ರೆ ನಮ್ಮ ಫಸ್ಟ್ ಪಿಯುಗೆ ಸಮ. ಎ, ಬಿ ಗದ್ಯದಲ್ಲಿ ತಪ್ಪೇ ಆಗಲ್ಲ. ಸಿ, ಡಿ ಸೇರಿ 8 ಪ್ರಶ್ನೇಲಿ 5 ಹೋಗುತ್ತೆ. ಆಶ್ಚರ್ಯ ಏನಂದ್ರೆ, ಅದೇ ಡಿ ಗದ್ಯವನ್ನ ವಾಕ್ಯವಾರು ಚೀನೀ ಭಾಷೆಗೆ ಹೇಳಮ್ಮಾ ಅಂದ್ರೆ ಸರಿಯಾಗೇ ಹೇಳ್ತಾಳೆ. ಶಾಲೆ ಟೀಚರ್ ‘ದಿನಕ್ಕೆ ನಾಲ್ಕು ಗದ್ಯ ಹೆಚ್ಚಿಗೆ ಬಿಡಿಸು’ ಅಂತಾರೆ. ಬಿಡಿಸಿ ಬಿಡಿಸಿ ಸೋತಿದ್ದಾಳೆ, ಈಗ ಇಂಗ್ಲಿಷ್ ಪತ್ರಿಕೆ ಕಂಡ್ರೇ ಅಳು.

ಶೆನ್‌ಝೆನ್ ಅಂಕಲ್: ಎಲ್ಲರಿಗೂ ಉಪಯೋಗ ಆಗುತ್ತೆ, ಬಂದಿದ್ದನ್ನ ಹಾಗೇ ಹಾಕ್ತಿದ್ದೀನಿ. ‘ಮೂರು ಆಯ್ಕೆ ಉದ್ದ, ಒಂದು ಗಿಡ್ಡ: ಗಿಡ್ಡದ್ದನ್ನ ಆರಿಸಿ. ಮೂರು ಗಿಡ್ಡ, ಒಂದು ಉದ್ದ: ಉದ್ದದ್ದು. ಎರಡು ಉದ್ದ ಎರಡು ಗಿಡ್ಡ: ಬಿ. ಒಂದೂ ಸಮ ಇಲ್ಲ: ಸಿ.’ ಚೀನಾದಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಯದಂಥ ಸೂತ್ರ.

ಮೇಡಂ: ಅಂಕಲ್, ಅಡ್ಮಿನ್ ಬೇಡ ಅಂದಿದ್ದು ಇದನ್ನೇ. ಆಯ್ಕೆಗಳ ಉದ್ದ ಆದಷ್ಟು ಸಮ ಇರೋ ಹಾಗೆ ಪತ್ರಿಕೆ ಮಾಡ್ತಾರೆ, ಈ ಪದ್ಯ ಅವರಿಗೂ ಗೊತ್ತು. ಅಂಕ ಹೋಗೋದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅನುಮಾನ ಬಂದಾಗ ಗದ್ಯಕ್ಕೆ ಕಣ್ಣು ವಾಪಸ್ ಹೋಗೋ ಅಭ್ಯಾಸವೇ ಸತ್ತುಹೋಗುತ್ತೆ. ಮಕ್ಕಳಿಗೆ ಕಳಿಸಬೇಡಿ.

ಗುವಾಂಗ್‌ಝೌ ಅವರೇ, ನಿಮ್ಮ ಮಗಳದ್ದು ನಂಗೆ ಯೋಚನೆ ಹಚ್ಚಿದೆ. ವಾಕ್ಯ ಅರ್ಥವಾಗಿ ಗದ್ಯ ತಪ್ಪೋ ಮಗುವಿಗೆ ಇನ್ನಷ್ಟು ಗದ್ಯ ಹೇರಿದ್ರೆ ಅದೇ ತಪ್ಪು ಗಟ್ಟಿಯಾಗುತ್ತೆ. ಮೊದಲು ರೋಗ ಯಾವುದು ಅಂತ ತಿಳೀಬೇಕು. ಮೂರು ಪೆನ್ನಿನ ಪರೀಕ್ಷೆ ಮಾಡಿಸಿ.

ಹಿಂದಿನ ವರ್ಷಗಳ ನಿಜವಾದ ಪತ್ರಿಕೆ ತಗೊಳ್ಳಿ. ಪ್ರಕಾಶಕರ ಮಾದರಿ ಪತ್ರಿಕೆ ಬೇಡ, ಅವುಗಳಲ್ಲಿ ಎರಡು ಉತ್ತರಕ್ಕೂ ವಾದ ಮಾಡಬಹುದಾದ ಪ್ರಶ್ನೆ ನುಸುಳಿರುತ್ತೆ, ಒಳ್ಳೆ ಓದುಗರೇ ಅಲ್ಲಿ ಜಾಸ್ತಿ ಎಡವೋದು. ಕಪ್ಪು ಪೆನ್ನಲ್ಲಿ ಇಡೀ ರೀಡಿಂಗ್ 36 ನಿಮಿಷಕ್ಕೆ ಬಿಡಿಸಲಿ. ಗಡಿಯಾರ ಮುಗಿದ ಮೇಲೆ, ಉತ್ತರ ತೋರಿಸದೇ, ನೀಲಿ ಪೆನ್ನಲ್ಲಿ ಮತ್ತೊಮ್ಮೆ. ಸಮಯದ ಮಿತಿ ಇಲ್ಲ, ನಿಘಂಟೂ ಇಲ್ಲ. ಮೂರನೇ ಸಲ ಕೆಂಪು ಪೆನ್ನು, ನಿಘಂಟು ಕೊಡಿ. ಆಮೇಲೆ ಉತ್ತರ ತಾಳೆ ನೋಡಿ. ನೀಲಿಯಲ್ಲಿ ಸರಿಯಾಗಿದ್ದು ವೇಗದ, ಗಾಬರಿಯ ತಪ್ಪು. ಕೆಂಪಲ್ಲಿ ಸರಿಯಾಗಿದ್ದು ಪದದ ತಪ್ಪು. ಮೂರರಲ್ಲೂ ತಪ್ಪಿದ್ದೇ ನಿಜವಾದ ಓದಿನ ತಪ್ಪು. ಅವು ಎಷ್ಟು, ಯಾವ ಬಗೆಯ ಪ್ರಶ್ನೆ (ವಿವರದ್ದೋ, ಊಹೆಯದ್ದೋ, ಮುಖ್ಯಾಂಶದ್ದೋ, ಪದದ ಅರ್ಥದ್ದೋ) ಅಂತ ಬರೆದು ಹೇಳಿ. ಅಲ್ಲೀವರೆಗೆ ಹೊಸ ಗದ್ಯ ನಿಲ್ಲಿಸಿ.

ಹಾಂಗ್‌ಝೌ ಸದಸ್ಯೆ: ಸಮಯ ಸಾಲಲ್ಲ ಮೇಡಂ. ಹೇಗೆ ಹಂಚ್ಕೋಬೇಕು?

ಮೇಡಂ: ಲಿಸನಿಂಗ್ ಸುಮಾರು 20 ನಿಮಿಷ ತಿಂದುಹಾಕುತ್ತೆ. ಎ 5, ಬಿ 7, ಸಿ 8, ಡಿ 9, ಏಳರಲ್ಲಿ ಐದು 7. ಕ್ಲೋಜ್ 13, ವ್ಯಾಕರಣ 8, ಚಿಕ್ಕ ಬರಹ 14, ಕಥೆ ಮುಂದುವರಿಸೋದು 27. ಉಳಿದ 2 ನಿಮಿಷ ಉತ್ತರದ ಕಾರ್ಡ್ ತಾಳೆ ನೋಡೋಕೆ. ವೃತ್ತ ತುಂಬೋದನ್ನ ಪ್ರತಿ ಗದ್ಯ ಮುಗಿದ ಕೂಡಲೇ 2ಬಿ ಪೆನ್ಸಿಲ್ಲಲ್ಲಿ ಮಾಡ್ಬೇಕು. ಕೊನೆಗೆ ಒಟ್ಟಿಗೆ ತುಂಬೋಕೆ ಹೋದ್ರೆ ಒಂದು ಸಾಲು ತಪ್ಪಿ ಉಳಿದದ್ದೆಲ್ಲ ಜಾರುತ್ತೆ. ನೀವು ಝೆಜಿಯಾಂಗ್ ಪ್ರಾಂತ್ಯದವರು, ಅಲ್ಲಿ ಇಂಗ್ಲಿಷ್ ಪರೀಕ್ಷೆ ವರ್ಷಕ್ಕೆ ಎರಡು ಸಲ ಇದೆ. ಜನವರಿಯಲ್ಲೇ ಈ ಹಂಚಿಕೆ ಪ್ರಯೋಗ ಮಾಡಿ ನೋಡಬಹುದು.

ಹಾಸನ ಪಿಯು ಉಪನ್ಯಾಸಕ: ಮೇಡಂ ಹೇಳಿದ ಪರೀಕ್ಷೆ ಚೆನ್ನಾಗಿದೆ. ಆದರೆ ಮೂಲ ಸಮಸ್ಯೆ ಈ ದಿನವಿಡೀ ಪ್ರಶ್ನೆ ಅರೆಯೋ ಪದ್ಧತಿ. ಮಗುವಿಗೆ ಒಳ್ಳೆ ಇಂಗ್ಲಿಷ್ ಕಥೆ ಪುಸ್ತಕ ಕೊಡಿ, ರೀಡಿಂಗ್ ತಾನಾಗೇ ಬರುತ್ತೆ.

ಶಾಂಘೈ ಸದಸ್ಯ: ತಾನಾಗೇ ಬರಲ್ಲ ಸರ್. ಬೆಳಿಗ್ಗೆ ಏಳಕ್ಕೆ ಹೋದ ಮಕ್ಕಳು ರಾತ್ರಿ ಸ್ವಾಧ್ಯಾಯ ಮುಗಿಸಿ ಹತ್ತಕ್ಕೆ ಬರ್ತಾರೆ. ಕಥೆ ಪುಸ್ತಕ ಯಾವಾಗ ಓದೋದು? ಇಲ್ಲಿ ಪ್ರಶ್ನೆ ಅರೆದವರೇ ಸೀಟು ತಗೊಳ್ಳೋದು.

ಹಾಸನ ಪಿಯು ಉಪನ್ಯಾಸಕ: ಅರೆದು ಬಂದ ಅಂಕದಿಂದ ಭಾಷೆ ಬರುತ್ತಾ?

ಶಾಂಘೈ ಸದಸ್ಯ: ಭಾಷೆ ಆಮೇಲೆ. ಮೊದಲು ಪರೀಕ್ಷೆ. ನಮ್ಮ ಪಿಯು ಹಾಗೆ ಪಾಠಪುಸ್ತಕದಿಂದಲೇ ಹೆಚ್ಚು ಪ್ರಶ್ನೆ ಬರಲ್ಲ ಇಲ್ಲಿ. ನಾಲ್ಕು ಗದ್ಯವೂ ಮಗು ಕಂಡಿರದಂಥವು. ಪತ್ರಿಕೆ ಒಂದ್ಸಲ ಬಿಡಿಸಿ ನೋಡಿ ಮಾತಾಡಿ.

ಹಾಸನ ಪಿಯು ಉಪನ್ಯಾಸಕ: ಕಂಡಿರದ ಗದ್ಯ ಅಂತಲೇ ಓದಿನ ಅಭ್ಯಾಸ ಬೇಕು ಅಂದಿದ್ದು. ಪಿಯು ಬಗ್ಗೆ ಗೊತ್ತಿಲ್ಲದೆ ಹಗುರವಾಗಿ ಮಾತಾಡಬೇಡಿ.

ಅಡ್ಮಿನ್: ಇಬ್ಬರೂ ಸಮಾಧಾನ.

ಮೇಡಂ: ಇಬ್ಬರೂ ಅರ್ಧರ್ಧ ಹೇಳ್ತಿದ್ದೀರಿ. ಕಥೆ ಪುಸ್ತಕ ಬೇಕು, ಆದರೆ ಮಟ್ಟ ನೋಡಿ ಕೊಡಬೇಕು. ನೂರು ಪದಕ್ಕೆ ಎರಡು ಮೂರಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಇದ್ರೆ ಅದು ಓದಲ್ಲ, ನಿಘಂಟು ಮಗುಚೋದು. ದೊಡ್ಡ ಕಾದಂಬರಿ ತಂದುಕೊಟ್ಟು ‘ಓದು’ ಅನ್ನೋದು ಶಿಕ್ಷೆ. ದಿನಕ್ಕೆ 15 ನಿಮಿಷ, ಮಟ್ಟಕ್ಕೆ ತಕ್ಕ ಪುಸ್ತಕ, ಪ್ರಶ್ನೆ ಕೇಳಬೇಡಿ. ಇನ್ನು ಅರೆಯೋದು: ಬಿಡಿಸಿದ ಹೊತ್ತಿನಷ್ಟೇ ಹೊತ್ತು ತಪ್ಪು ನೋಡೋಕೆ ಕೊಡದಿದ್ರೆ ಅದು ಕಾಗದ ಖರ್ಚು, ಅಷ್ಟೇ.

ಡೊಂಗ್‌ಗುವಾನ್ ಸದಸ್ಯೆ: ನಮ್ಮ ಮಗನದ್ದು ಭಾರತದ ಪಾಸ್‌ಪೋರ್ಟ್. ಇದೇ ಪರೀಕ್ಷೆ ಬರೀಬೇಕಾ?

ಮೇಡಂ: ವಿದೇಶಿ ಪಾಸ್‌ಪೋರ್ಟ್ ಮಕ್ಕಳ ದಾರಿ ಸಾಮಾನ್ಯವಾಗಿ ಬೇರೆ. ವಿಶ್ವವಿದ್ಯಾಲಯಗಳು ನೇರ ಅರ್ಜಿ ತಗೊಳ್ತವೆ, ಚೀನೀ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯ ಫಲಿತಾಂಶ ಕೇಳ್ತವೆ. ಸೇರಬೇಕಾದ ಕಡೆಯೇ ವಿಚಾರಿಸಿ.

ಬೆಂಗಳೂರು ಟ್ಯೂಟರ್: ನಾನು ಇಲ್ಲಿಂದ ಆನ್‌ಲೈನ್‌ನಲ್ಲಿ ಚೀನಾ ಮಕ್ಕಳಿಗೆ ರೀಡಿಂಗ್ ಹೇಳಿಕೊಡಬಹುದಾ? ಗಂಟೆಗೆ ಎಷ್ಟು ಕೇಳಬಹುದು?

ಮೇಡಂ: ಹೊರದೇಶದಲ್ಲಿ ಕೂತ ವಿದೇಶಿ ಶಿಕ್ಷಕರನ್ನ ತರಬೇತಿ ಸಂಸ್ಥೆಗಳು ಇಟ್ಕೋಬಾರದು ಅಂತ 2021ರ ಜುಲೈಯಲ್ಲೇ ಆದೇಶ ಬಂದಿದೆ. ಅದನ್ನ ಓದಿ ಮುಂದುವರಿಯಿರಿ.

ಬೆಂಗಳೂರು ಟ್ಯೂಟರ್: ದರ?

ಯಿವೂ ಊರಿನ ಸದಸ್ಯ: ಏಳರಲ್ಲಿ ಐದು ಭಾಗಕ್ಕೆ ಏನಾದ್ರೂ ಹೇಳಿ ಮೇಡಂ. ಒಂದು ತಪ್ಪಿದ್ರೆ ಎರಡು ಹೋಗುತ್ತೆ.

ಮೇಡಂ: ಹೌದು, ಒಂದು ವಾಕ್ಯವನ್ನ ತಪ್ಪು ಜಾಗಕ್ಕೆ ಹಾಕಿದ್ರೆ ಅದರ ನಿಜವಾದ ಜಾಗವೂ ಹಾಳು. ಅದಕ್ಕೇ 36ರಿಂದ 40ರವರೆಗೆ ಸಾಲಾಗಿ ಹೋಗಬಾರದು, ಖಾತ್ರಿ ಇರೋದನ್ನ ಮೊದಲು ತುಂಬಬೇಕು. ಖಾಲಿ ಜಾಗದ ಹಿಂದಿನ ಒಂದು ವಾಕ್ಯ, ಮುಂದಿನ ಒಂದು ವಾಕ್ಯ ನೋಡಲಿ. ಆಯ್ಕೆಯಲ್ಲಿ ‘ದೀಸ್’, ‘ದೇ’ ಇದ್ರೆ ಹಿಂದಿನ ವಾಕ್ಯದಲ್ಲಿ ಸಾಮಾನ್ಯವಾಗಿ ಬಹುವಚನದ ನಾಮಪದ ಇರುತ್ತೆ. ‘ಹೌಎವರ್’ ಇದ್ರೆ ಹಿಂದೆ ಅದಕ್ಕೆ ಎದುರಾದ ಮಾತು ಇರಬೇಕು. ಪ್ಯಾರಾದ ಮೊದಲಿಗೇ ಖಾಲಿ ಇದ್ದು ಉಳಿದ ಪ್ಯಾರಾಗಳು ‘ಹೀಗೆ ಮಾಡಿ’ ಅನ್ನೋ ತರದ ಶೀರ್ಷಿಕೆಯಿಂದ ಶುರುವಾಗಿದ್ರೆ, ಇಲ್ಲಿಯೂ ಅದೇ ಆಕಾರದ್ದು ಬರಬೇಕು. ಹೆಚ್ಚುವರಿ ಎರಡು ಆಯ್ಕೆ ಗದ್ಯದ್ದೇ ಪದ ಹಿಡಿದು ಮೋಸ ಮಾಡೋದಕ್ಕೆ ಇಟ್ಟಿರ್ತಾರೆ. ಪದ ಒಂದೇ ಅಂತ ಆರಿಸಬಾರದು.

ಶೆನ್‌ಝೆನ್ ಅಂಕಲ್: ಇನ್ನೊಂದು ಬಂದಿದೆ. ‘ಪ್ರತಿ ಪ್ಯಾರಾದ ಮೊದಲ ಮತ್ತು ಕೊನೆಯ ವಾಕ್ಯ ಮಾತ್ರ ಓದಿ, 140 ಗ್ಯಾರಂಟಿ. ಆಲ್, ಓನ್ಲಿ, ನೆವರ್ ಇದ್ರೆ ತಪ್ಪು. ಮೇ, ಸಮ್ ಇದ್ರೆ ಸರಿ.’ ಇದಾದ್ರೂ ಸರಿ ತಾನೇ?

ಮೇಡಂ: ಅಲ್ಲ. ಗದ್ಯವೇ ‘ಓನ್ಲಿ’ ಅಂದಿದ್ರೆ ‘ಓನ್ಲಿ’ ಇರೋ ಆಯ್ಕೆಯೇ ಸರಿ. ಮೊದಲ ವಾಕ್ಯ ಮಾತ್ರ ಓದೋ ಮಗು ಡಿ ಗದ್ಯದಲ್ಲಿ ಸುಲಭವಾಗಿ ಬೀಳುತ್ತೆ, ಯಾಕಂದ್ರೆ ಅಲ್ಲಿ ಎಷ್ಟೋ ಸಲ ಮೊದಲು ಹೇಳೋದು ಹಳೇ ನಂಬಿಕೆ, ‘ಬಟ್’ ಆದ ಮೇಲೆ ಬರೋದು ಲೇಖಕರ ಮಾತು. ಇನ್ನು ನಿಮ್ಮ ಫಾರ್ವರ್ಡ್‌ಗೆ ಉತ್ತರಿಸಲ್ಲ.

ಶೆನ್‌ಝೆನ್ ಅಂಕಲ್: ಒಳ್ಳೇದಕ್ಕೇ ಹಾಕಿದ್ದಮ್ಮ. ಇಷ್ಟು ಸಿಡುಕಬೇಕಾ?

ಶಾಂಘೈ ಸದಸ್ಯ: ಅಂಕಲ್, ಆ ಮಗು ಅಳ್ತಾ ಕೂತಿದೆ, ನೀವು ಪದ್ಯ ಹಾಕ್ತಿದ್ದೀರಿ.

ಚೆಂಗ್ದು ಸದಸ್ಯ: ರೀಡಿಂಗ್‌ಗೆ ಟೈಮ್ ಸಾಲ್ತಿಲ್ಲ, ಹೇಗೆ ಹಂಚಬೇಕು?

ಮೇಡಂ: ಮೇಲೆ ಇದೆ.

ಗುವಾಂಗ್‌ಝೌ ಅಮ್ಮ: ಮೇಡಂ, ಮಾಡಿಸಿದೆ. ಎರಡು ಪತ್ರಿಕೆ ಸೇರಿ 9 ತಪ್ಪು. ನೀಲಿಯಲ್ಲಿ 1 ಸರಿಯಾಯ್ತು, ಕೆಂಪಲ್ಲಿ 1. ಮೂರರಲ್ಲೂ ತಪ್ಪಿದ್ದು 7. ಅದರಲ್ಲಿ ಊಹೆಯದ್ದು 4, ಮುಖ್ಯಾಂಶದ್ದು 2, ವಿವರದ್ದು 1. ಕೇಳಿದ್ರೆ ‘ಇದು ಗದ್ಯದಲ್ಲೇ ಇದೆಯಲ್ಲ’ ಅಂತಾಳೆ. ನೋಡಿದ್ರೆ ನಿಜವಾಗ್ಲೂ ಇದೆ!

ಮೇಡಂ: ಇದೇ ಬೇಕಿತ್ತು. ವೇಗವೂ ಅಲ್ಲ, ಪದವೂ ಅಲ್ಲ. ‘ಗದ್ಯದಲ್ಲಿದೆ’ ಅನ್ನೋದನ್ನೇ ‘ಕೇಳಿದ್ದಕ್ಕೆ ಉತ್ತರ’ ಅಂತ ತಗೊಳ್ತಿದ್ದಾಳೆ. ಶಾಲೆಯವರಿಗೆ ಇದನ್ನ ತೋರಿಸಿ, ದಿನಕ್ಕೆ ನಾಲ್ಕು ಗದ್ಯದಿಂದ ಎರಡು ವಾರ ಬಿಡುವು ಕೇಳಿ.

ವಿವರದ ಒಂದು ತಪ್ಪು ಬಹುಶಃ ಉದ್ದ ವಾಕ್ಯದ್ದು. ಚೀನೀಯಲ್ಲೂ ಕನ್ನಡದಲ್ಲೂ ವಿಶೇಷಣದ ಭಾಗ ನಾಮಪದಕ್ಕಿಂತ ಮೊದಲೇ ಬರುತ್ತೆ: ‘ಅಣೆಕಟ್ಟು ಕಟ್ಟೋ ಮೊದಲೇ ಜಮೀನು ಮಾರಿದ ರೈತರು’. ಇಂಗ್ಲಿಷಲ್ಲಿ ರೈತರು ಮೊದಲು, ಬಾಲ ಆಮೇಲೆ. ‘ದ ಫಾರ್ಮರ್ಸ್ ಹೂ ಹ್ಯಾಡ್ ಸೋಲ್ಡ್ ದೇರ್ ಲ್ಯಾಂಡ್ ಬಿಫೋರ್ ದ ಡ್ಯಾಮ್ ವಾಸ್ ಬಿಲ್ಟ್ ಗಾಟ್ ಲೆಸ್ ದ್ಯಾನ್ ದೋಸ್ ಹೂ ವೇಟೆಡ್.’ ಅವಸರದಲ್ಲಿ ‘ಡ್ಯಾಮ್’ ಪಕ್ಕದ ‘ಗಾಟ್ ಲೆಸ್’ ಅದಕ್ಕೇ ಅಂಟಿಕೊಳ್ಳುತ್ತೆ. ಕ್ರಿಯಾಪದ ಎಣಿಸಲಿ: ಹ್ಯಾಡ್ ಸೋಲ್ಡ್, ವಾಸ್ ಬಿಲ್ಟ್, ಗಾಟ್, ವೇಟೆಡ್, ಒಟ್ಟು ನಾಲ್ಕು. ಜೋಡಿಸೋ ಪದ ಮೂರು: ಹೂ, ಬಿಫೋರ್, ಹೂ. ಸಾಮಾನ್ಯವಾಗಿ ಕ್ರಿಯಾಪದ ಜೋಡಣೆಗಿಂತ ಒಂದು ಹೆಚ್ಚಿರುತ್ತೆ. ಜೋಡಣೆ ಹಿಡಿಯದ ಆ ಒಂದೇ ಕ್ರಿಯಾಪದ, ಇಲ್ಲಿ ‘ಗಾಟ್’, ಮುಖ್ಯ ವಾಕ್ಯದ್ದು. ದಿನಕ್ಕೆ ಇಂಥ ಐದು ವಾಕ್ಯ ಸಾಕು. ‘ದ್ಯಾಟ್’, ‘ವಿಚ್’ ಬಿಟ್ಟುಹೋದ ವಾಕ್ಯಗಳಲ್ಲಿ ಲೆಕ್ಕ ತಪ್ಪುತ್ತೆ, ಅವನ್ನ ಎರಡನೇ ವಾರಕ್ಕೆ ಇಡಿ.

ಊಹೆಯ ಪ್ರಶ್ನೆಗೆ ಪ್ರತಿ ಆಯ್ಕೆಯ ಮುಂದೆ ಸಾಲಿನ ಸಂಖ್ಯೆ ಬರೀಬೇಕು. ಸಾಲು ಸಿಗದಿದ್ರೆ ಅದು ಕಟ್ಟುಕಥೆ, ತೆಗೆದುಹಾಕಲಿ. ಸಾಲಿನಲ್ಲಿ ಇದ್ದ ಹಾಗೇ ಇದ್ರೆ ಅದು ಊಹೆಯಲ್ಲ, ಬರೀ ವಿವರ. ಅವಳು ಬೀಳ್ತಿರೋದು ಇಲ್ಲೇ. ಸಾಲಿನಿಂದ ಒಂದೇ ಹೆಜ್ಜೆ ಮುಂದೆ ಇರೋದು ಉತ್ತರ, ಎರಡು ಹೆಜ್ಜೆ ಹೋದ್ರೆ ಅವಳದೇ ಅಭಿಪ್ರಾಯ. ಇನ್ನೂ ಮೂರು ಕಡೆ ನೋಡಿಸಿ: ಗದ್ಯ ‘ಮೇ ಹೆಲ್ಪ್’ ಅಂದಿದ್ದನ್ನ ಆಯ್ಕೆ ‘ಸಾಬೀತಾಗಿದೆ’ ಮಾಡಿರುತ್ತೆ, ಒಬ್ಬ ವಿಜ್ಞಾನಿಯ ಮಾತನ್ನ ಇನ್ನೊಬ್ಬರ ಬಾಯಿಗೆ ಹಾಕಿರುತ್ತೆ, ‘ವುಡ್ ಹ್ಯಾವ್’ ಇದ್ರೆ ಆ ಕೆಲಸ ಆಗಿಲ್ಲ ಅಂತ, ಆದರೆ ಚೀನೀ ಕ್ರಿಯಾಪದ ರೂಪ ಬದಲಿಸಲ್ಲವಾದ್ದರಿಂದ ಮಕ್ಕಳು ಆಗಿದೆ ಅಂತಲೇ ಓದ್ತಾರೆ.

ಮುಖ್ಯಾಂಶಕ್ಕೆ: ಪ್ರತಿ ಪ್ಯಾರಾ ಪಕ್ಕ ಚೀನೀಯಲ್ಲೇ ಎಂಟು ಹತ್ತು ಅಕ್ಷರದ ಒಂದು ಸಾಲು ಬರೀಲಿ. ಪ್ಯಾರಾ ಏನು ಹೇಳುತ್ತೆ ಅನ್ನೋದಲ್ಲ, ಏನು ಮಾಡುತ್ತೆ ಅನ್ನೋದು: ಹಳೇ ನಂಬಿಕೆ ಹೇಳ್ತು, ತಿರುಗಿಸ್ತು, ಪ್ರಯೋಗ ವಿವರಿಸ್ತು, ಮಿತಿ ಹೇಳ್ತು. ಆಮೇಲೆ ನಾಲ್ಕು ಶೀರ್ಷಿಕೆಗಳನ್ನ ಆ ಸಾಲುಗಳ ಎದುರಿಗೆ ಹಿಡಿದು ನೋಡಲಿ. ಒಂದೇ ಪ್ಯಾರಾಗೆ ಹೊಂದೋದು ಹೋಗಲಿ.

ಹಾಸನ ಪಿಯು ಉಪನ್ಯಾಸಕ: ಮಾತೃಭಾಷೆಯಲ್ಲಿ ಬರೆಸಿದ್ರೆ ಇಂಗ್ಲಿಷಲ್ಲಿ ಯೋಚಿಸೋದು ಯಾವಾಗ ಕಲೀತಾಳೆ?

ಮೇಡಂ: ಮೊದಲು ಯೋಚಿಸೋದು ಕಲೀಲಿ ಸರ್.

ಶಾಂಘೈ ಸದಸ್ಯ: 👍

ಹಾಸನ ಪಿಯು ಉಪನ್ಯಾಸಕ: ಇದು ಉತ್ತರವಲ್ಲ. ಇರಲಿ, ನಾನು ಸುಮ್ಮನಾಗ್ತೀನಿ.

ಚೆಂಗ್ದು ಸದಸ್ಯ: ಮೇಲೆ ಎಲ್ಲಿ? ಸಿಗ್ತಿಲ್ಲ. ಐಇಎಲ್‌ಟಿಎಸ್ ರೀಡಿಂಗ್‌ಗೂ ಇದೇ ನಡೆಯುತ್ತಾ?

ಗುವಾಂಗ್‌ಝೌ ಅಮ್ಮ: ಮೇಡಂ, ಎರಡು ವಾರ ದಿನಕ್ಕೆ ಎಷ್ಟು ಗದ್ಯ? ಗಡಿಯಾರ ಇಡಬೇಕಾ?

ಮೇಡಂ: ದಿನಕ್ಕೆ ಒಂದೇ, ಸಿ ಅಥವಾ ಡಿ. ಗಡಿಯಾರ ಇಡಬೇಡಿ. ಒಂದು ಗದ್ಯಕ್ಕೆ 40 ನಿಮಿಷ ಹಿಡಿದ್ರೂ ಅವಸರ ಮಾಡಬೇಡಿ. ಮೂರನೇ ವಾರ 15 ನಿಮಿಷಕ್ಕೆ ಇಳಿಸಿ, ಆಮೇಲೆ 9ಕ್ಕೆ. ತಪ್ಪಾದ ಪ್ರಶ್ನೆಯನ್ನ ಏಳು ದಿನ ಬಿಟ್ಟು ಮತ್ತೆ ಕೊಡಿ. ಉತ್ತರದ ಅಕ್ಷರ ನೆನಪಿರಬಹುದು, ಅದು ಬೇಡ, ಉಳಿದ ಮೂರು ಯಾಕೆ ತಪ್ಪು ಅಂತ ಹೇಳಿಸಿ. ಮೂರಕ್ಕೂ ಸಾಲು ತೋರಿಸಿ ಹೇಳಿದ್ರೆ ಆ ಗದ್ಯ ಮುಗೀತು, ಇಲ್ಲದಿದ್ರೆ ಪಟ್ಟಿಯಲ್ಲೇ ಇರಲಿ.