ಪದ ಬೇಕು (ತುರ್ತು): ಪಕ್ಕಪಕ್ಕ ಸೀಟಿನ ಯುಟಿವಿಗೆ ಕನ್ನಡ?

ಕರಡುಪ್ರತಿ:

ಎಲ್ಲರಿಗೂ ನಮಸ್ಕಾರ. ಕೃಷಿ ಮಾಸಪತ್ರಿಕೆಯೊಂದಕ್ಕೆ ಅನುವಾದ ಮಾಡುತ್ತಿದ್ದೇನೆ. ಅಮೆರಿಕದ ಮಿನೆಸೋಟಾ ಕಡೆಯ ಸಣ್ಣ ಹಿಡುವಳಿದಾರರು ಹಿಮ ತೆಗೆಯಲು, ಸೌದೆ ಸಾಗಿಸಲು, ದನಗಳಿಗೆ ಹುಲ್ಲು ಒಯ್ಯಲು ಯಾವ ಯುಟಿವಿ ಕೊಳ್ಳಬೇಕು ಎಂಬುದು ವಿಷಯ. ಯುಟಿವಿ ಎಂದರೆ ಚಾಲಕನ ಪಕ್ಕದಲ್ಲೇ ಇನ್ನೊಬ್ಬರು ಕೂರುವ, ಹೊಲದ ಕೆಲಸದ ಸಣ್ಣ ಗಾಡಿ. ಮೂಲದಲ್ಲಿ 'ಸೈಡ್-ಬೈ-ಸೈಡ್', 'ಯುಟಿವಿ' ಎರಡೂ ಬರುತ್ತವೆ. ನಾಳೆ ಮಧ್ಯಾಹ್ನ ಪುಟ ಮುಗಿಸುತ್ತಾರೆ, ತಲೆಬರಹಕ್ಕೆ ಒಂದು ಪದ ಬೇಕು. ಸದ್ಯಕ್ಕೆ 'ಬಹುಪಯೋಗಿ ವಾಹನ' ಎಂದು ಹಾಕಿದ್ದೇನೆ. ಅನುಮಾನ ಇರುವ ವಾಕ್ಯಗಳು:

ಅ) "ಬಹುಪಯೋಗಿ ವಾಹನಕ್ಕೆ ಹಿಮ ನೇಗಿಲು ಕಟ್ಟಿದಾಗ ಬೆಲ್ಟ್ ಸುಡದಂತೆ ಮೊದಲ ಗೇರಿನಲ್ಲೇ ಓಡಿಸಿ."

ಆ) "ಹಿಮ ಆಳವಾಗಿದ್ದರೆ ನಾಲ್ಕೂ ಗಾಲಿಗೆ ಚೈನ್ ಹಾಕಿಸಿ."

ಇ) "ಮುಂದಿನ ಗಾಜಿಗೆ ವೈಪರ್ ಹಾಕಿಸಿದರೆ ಗೀರು ಬೀಳುತ್ತದೆ."

ಸಂಧಿಕಾರ್ಯ:

ಬಹುಪಯೋಗಿ ಅಲ್ಲ, ಬಹೂಪಯೋಗಿ. ಸವರ್ಣದೀರ್ಘ. ತಲೆಬರಹದಲ್ಲೇ ಇಂಥ ತಪ್ಪು ಬಿಟ್ಟರೆ ಒಳಗೆ ಓದುವುದು ಯಾಕೆ?

ಅಚ್ಚುಕಟ್ಟು:

ಎರಡೂ ಬೇಡ. ಉಪಯೋಗವೂ ನಮ್ಮದಲ್ಲ, ವಾಹನವೂ ನಮ್ಮದಲ್ಲ. ದುಡಿಯಲು ಇರುವ ಬಂಡಿ, ಆದ್ದರಿಂದ ದುಡಿಬಂಡಿ. ಮಗ್ಗುಲಿಗೆ ಮಗ್ಗುಲು ಕೂರುವುದನ್ನೂ ಹೇಳಬೇಕೆಂದರೆ ಮಗ್ಗುಲುಬಂಡಿ. 'ಸುಡುಗಾಡು', 'ಕಡೆಗೋಲು' ಹುಟ್ಟಿದ ದಾರಿಯಲ್ಲೇ ದುಡಿಬಂಡಿಯೂ ಹುಟ್ಟುತ್ತದೆ: ಕ್ರಿಯಾಧಾತು, ಅದರ ಮೇಲೆ ನಾಮಪದ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಡುಲೂತ್ ಕನ್ನಡಿಗ:

ಚರ್ಚೆಗೆ ಇದೆ. ಎತ್ತಿನ ಗಾಡಿಯೂ ದುಡಿಬಂಡಿಯೇ, ಟ್ರ್ಯಾಕ್ಟರೂ ದುಡಿಬಂಡಿಯೇ. ಈ ಗಾಡಿಯನ್ನು ಪಕ್ಕದ ಮನೆಯ ಎಟಿವಿಯಿಂದ (ನಾಲ್ಕು ಗಾಲಿಯ ಬೈಕಿನಂಥದ್ದು) ಬೇರೆ ಮಾಡುವುದು ದುಡಿಮೆಯಲ್ಲ, ಕೂರುವ ರೀತಿ. ಎಟಿವಿಯಲ್ಲಿ ಬೈಕಿನ ಮೇಲೆ ಕೂತ ಹಾಗೆ ಕಾಲು ಆಚೀಚೆ ಹಾಕಿ ಹ್ಯಾಂಡಲ್ ಹಿಡಿಯುತ್ತೀರಿ, ತಿರುವಿನಲ್ಲಿ ಮೈ ವಾಲಿಸುತ್ತೀರಿ. ಯುಟಿವಿಯಲ್ಲಿ ಸ್ಟೀರಿಂಗ್ ಚಕ್ರ, ಪೆಡಲ್, ಸೀಟ್ ಬೆಲ್ಟ್, ತಲೆಯ ಮೇಲೆ ಉಕ್ಕಿನ ಪಂಜರ, ಹಿಂದೆ ಮೇಲೆತ್ತಿ ಸುರಿಯಬಹುದಾದ ತೊಟ್ಟಿ. ಇದು ಮಗುಚಿದರೆ ಕಾಪಾಡುವುದು ಆ ಪಂಜರ. ಅದೂ ಬೆಲ್ಟ್ ಬಿಗಿದು ಒಳಗೇ ಕೂತಿದ್ದರೆ ಮಾತ್ರ, ಮೈ ವಾಲಿಸಿ ಪ್ರಯೋಜನವಿಲ್ಲ. ಪದ ಈ ವ್ಯತ್ಯಾಸವನ್ನು ಮುಚ್ಚಿದರೆ ಓದುಗ ತಪ್ಪು ಗಾಡಿ ಕೊಳ್ಳುತ್ತಾನೆ.

ಇನ್ನು ನಿಮ್ಮ ವಾಕ್ಯಗಳು, ಕರಡುಪ್ರತಿಯವರೇ. ತಲೆಬರಹಕ್ಕಿಂತ ಹೆಚ್ಚು ಹಾನಿ ಅವುಗಳಲ್ಲಿದೆ.

ಅ) ಇಲ್ಲಿ ಮೂರು ತಪ್ಪು. ನೇಗಿಲು ಉಳುತ್ತದೆ, ಇದು ಉಳುವುದಿಲ್ಲ. ಗಾಡಿಯ ಮೂತಿಗೆ ಅಡ್ಡ ನಿಂತು ಹಿಮವನ್ನು ತಳ್ಳುವ ಬಾಗಿದ ತಗಡು. ಎರಡನೆಯದು, ಬೆಲ್ಟಿನ ಗಾಡಿಯಲ್ಲಿ 'ಮೊದಲ ಗೇರ್' ಎಂಬುದೇ ಇಲ್ಲ. ಹೈ, ಲೋ ಎಂಬ ಎರಡು ವ್ಯಾಪ್ತಿ, ಜೊತೆಗೆ ರಿವರ್ಸ್. ಮೂರನೆಯದು, ಬರೀ 'ಬೆಲ್ಟ್' ಎಂದರೆ ಸೀಟ್ ಬೆಲ್ಟ್ ಎಂದೇ ಓದುತ್ತಾರೆ. ಇದು ಎರಡು ರಾಟೆಗಳ ನಡುವೆ ಓಡುವ ರಬ್ಬರ್ ಬೆಲ್ಟ್, ಗೇರ್ ಇಲ್ಲದ ಸ್ಕೂಟರಿನಲ್ಲಿ ಇರುವ ಏರ್ಪಾಡೇ. ಹೈನಲ್ಲಿ ನಿಧಾನವಾಗಿ ಭಾರ ತಳ್ಳಿದರೆ ರಾಟೆ ಬೆಲ್ಟನ್ನು ಸರಿಯಾಗಿ ಕಚ್ಚುವುದಿಲ್ಲ. ಅದು ಜಾರಿ, ಕಾದು, ಒಂದೇ ಜಾಗದಲ್ಲಿ ಸವೆಯುತ್ತದೆ. ಗಂಟೆಗೆ 11 ಕಿ.ಮೀ.ಗಿಂತ ಕಡಿಮೆ ವೇಗದ ಕೆಲಸವೆಲ್ಲ ಲೋನಲ್ಲೇ. ಗಾಳಿ ಎಳೆಯುವ ಕೊಳವೆಯಿಂದ ಹಿಮ ಒಳಹೊಕ್ಕು ಕರಗಿದರೂ ಬೆಲ್ಟ್ ಜಾರುತ್ತದೆ.

ಎಲ್ಲ ಯುಟಿವಿಯಲ್ಲೂ ಈ ಬೆಲ್ಟ್ ಇರುವುದಿಲ್ಲ, ಇದನ್ನು ಲೇಖನದಲ್ಲಿ ಬಿಡಬೇಡಿ. ಕುಬೋಟಾದ ಆರ್‌ಟಿವಿ-ಎಕ್ಸ್1100ಸಿಯಲ್ಲಿ 3 ಸಿಲಿಂಡರ್ ಡೀಸೆಲ್ ಎಂಜಿನ್, ಎಣ್ಣೆಯ ಒತ್ತಡದಿಂದ ಓಡುವ ಹೈಡ್ರೋಸ್ಟ್ಯಾಟಿಕ್ ಪದ್ಧತಿ, ಕಾರ್ಖಾನೆಯಲ್ಲೇ ಕೂರಿಸಿದ, ಹೀಟರ್ ಇರುವ ಮುಚ್ಚಿದ ಚಾಲಕನ ಗೂಡು (ಕ್ಯಾಬ್). ಓಟ ನಿಧಾನ. ಆದರೆ ಹಿಂದೆ-ಮುಂದೆ ಹೋಗುತ್ತಾ ಹಿಮ ತಳ್ಳಲು ಹೇಳಿ ಮಾಡಿಸಿದ್ದು. ಪೆಡಲ್ ಬಿಟ್ಟರೆ ಇಳಿಜಾರಿನಲ್ಲೂ ಓಟ ತಾನೇ ತಗ್ಗುತ್ತದೆ. ಹೋಂಡಾ ಪಯನೀರ್ 1000 ಗೇರ್ ಬಳಸುತ್ತದೆ, ಎರಡು ಕ್ಲಚ್ಚಿನ ಸಹಾಯದಿಂದ ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್. ಪೊಲಾರಿಸ್ ರೇಂಜರ್ ಎಕ್ಸ್‌ಪಿ 1000 ಬೆಲ್ಟಿನದು. ತೊಟ್ಟಿಯಲ್ಲಿ 1000 ಪೌಂಡ್ ಅಂದರೆ 454 ಕಿಲೋ ಹೊರುತ್ತದೆ, 2500 ಪೌಂಡ್ ಎಳೆಯುತ್ತದೆ. ಸೌದೆ ಎಳೆಯುವುದೇ ಮುಖ್ಯವಾದರೆ ಅದು. ಅಂಗಳದಲ್ಲಿ ಹಿಮ ತಳ್ಳುವುದೇ ಮುಖ್ಯವಾದರೆ ನನ್ನ ಮತ ಹೈಡ್ರೋಸ್ಟ್ಯಾಟಿಕ್‌ಗೆ.

ಆ) ಮೂಲದಲ್ಲಿ 'ಟ್ರ್ಯಾಕ್' ಎಂದಿರಬೇಕು. ನೀವು ಚೈನ್ ಮಾಡಿದ್ದೀರಿ. ಟೈರಿಗೆ ಸುತ್ತುವ ಚೈನ್ ಬೇರೆ, ಗಾಲಿ ಬಿಚ್ಚಿ ಆ ಜಾಗದಲ್ಲಿ ಕೂರಿಸುವ ರಬ್ಬರ್ ಟ್ರ್ಯಾಕ್ ಬೇರೆ. ಮೊದಲನೆಯದು ಐಸಿಗೆ, ಎರಡನೆಯದು ಆಳದ ಹಿಮಕ್ಕೆ. ಚೈನ್ ಹಾಕುವ ಮುಂಚೆ ಟೈರಿನ ಒಳಬದಿಯಲ್ಲಿ ಎಕ್ಸೆಲ್ಲಿನ ಜಾಯಿಂಟ್ ಮುಚ್ಚುವ ರಬ್ಬರ್ ಬೂಟಿಗೂ ಚೈನಿಗೂ ನಡುವೆ ಎಷ್ಟು ಜಾಗವಿದೆ ನೋಡಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಬೇಕು. ತಾಗಿದರೆ ಬೂಟ್ ಹರಿದು ಗ್ರೀಸ್ ಹೊರಬಂದು ಜಾಯಿಂಟ್ ಹೋಗುತ್ತದೆ. ಟ್ರ್ಯಾಕ್ ಹಾಕಿದರೆ ಓಟ ಇಳಿಯುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಹಾಕುವುದು ಹಟ.

ಇ) ಗೀರು ಬೀಳುವುದು ಗಾಜಿಗಲ್ಲ, ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ. ವೈಪರ್ ಬೇಕಾದರೆ ನಿಜವಾದ ಗಾಜನ್ನೇ ಹಾಕಿಸಬೇಕು, ಮೂಲ ಹೇಳುತ್ತಿರುವುದು ಅದನ್ನು. ನಿಮ್ಮ ವಾಕ್ಯ ತದ್ವಿರುದ್ಧ ಹೇಳುತ್ತಿದೆ. ಮುಂದಿನದೊಂದನ್ನೇ ಹಾಕಿಸಿ ಹಿಂಬದಿ ತೆರೆದಿಟ್ಟರೆ ಗಾಳಿ ಸುತ್ತಿ ಬಂದು ಹಿಮದ ಪುಡಿಯನ್ನೂ ಹೊಗೆಯನ್ನೂ ಕತ್ತಿನ ಹಿಂದೆ ತರುತ್ತದೆ, ಅದೂ ಸೇರಲಿ.

ನಿಘಂಟುಹುಳ:

ಬಂಡಿಯ ಮಾತು ಬಂತು, ಹೇಳಿಬಿಡುತ್ತೇನೆ. ತಮಿಳಿನ ವಂಡಿ, ತೆಲುಗಿನ ಬಂಡಿ, ನಮ್ಮ ಬಂಡಿ. ವಾಯ್-ಬಾಯಿ ಇದ್ದ ಹಾಗೆ ಮೊದಲಿನ ವಕಾರ ನಮ್ಮಲ್ಲಿ ಬಕಾರ. ಸಂಸ್ಕೃತದ 'ಭಾಂಡ'ದಿಂದ ಬಂತು ಎನ್ನುವವರು ದಯವಿಟ್ಟು ಮೊದಲು ಈ ವ-ಬ ಹೊಂದಾಣಿಕೆಗೆ ಉತ್ತರ ಹೇಳಲಿ. 'ಗಾಡಿ' ಉತ್ತರದಿಂದ ಬಂದದ್ದು, ಮರಾಠಿ-ಹಿಂದಿಯಲ್ಲೂ ಅದೇ. ಧಾರವಾಡದ ಕಡೆಯ ಎತ್ತಿನ ಬಂಡಿ 'ಚಕ್ಕಡಿ'ಯನ್ನು ಯಾಕೆ ಯಾರೂ ನೆನೆಯುವುದಿಲ್ಲ? ಯುಟಿವಿಗೆ 'ಹಿಮಚಕ್ಕಡಿ' ಎನ್ನಬಹುದು.

ಡುಲೂತ್ ಕನ್ನಡಿಗ:

ಬೇಸಿಗೆಯಲ್ಲಿ ಏನನ್ನೋಣ?

ಅಚ್ಚುಕಟ್ಟು:

> ಹಿಮಚಕ್ಕಡಿ

ಹಿಮವೂ ಸಂಸ್ಕೃತ. ಮಂಜು ಎನ್ನಿ. ಮಂಜು ತಳ್ಳುವ ತಗಡು.

ಸಕಲೇಶಪುರದಿಂದ:

ಅಚ್ಚುಕಟ್ಟು ಸಾರ್, ನಮ್ಮ ಕಡೆ ಮಂಜು ಅಂದರೆ ಬೆಳಗ್ಗೆ ಘಾಟಿಯಲ್ಲಿ ದಾರಿ ಕಾಣದ ಹಾಗೆ ಮುಚ್ಚುವುದು. ಅದನ್ನು ತಗಡು ಕಟ್ಟಿ ತಳ್ಳುವ ಗಾಡಿ ಇದ್ದರೆ ಎರಡು ಕಳಿಸಿ. ಲೇಖನದಲ್ಲಿ ಹಿಮ ಇರಲಿ, ಗಟ್ಟಿಯಾದದ್ದಕ್ಕೆ ಐಸ್ ಇರಲಿ.

ನೇಗಿಲಿನ ಬದಲಿಗೆ 'ಹಲಗೆ' ಹಾಕಿ. ಗದ್ದೆ ಮಟ್ಟ ಮಾಡಲು ಹಲಗೆ ಹೊಡೆಯುವುದು ಎಲ್ಲ ರೈತರಿಗೂ ಗೊತ್ತು. ಲೋ, ಹೈಗೆ ಅನುವಾದ ಬೇಡ, ಎಸ್ಟೇಟಿನ ಜೀಪ್ ಓಡಿಸುವವರು 'ಫೋರ್ ವೀಲ್ ಲೋ ಹಾಕು' ಎಂದೇ ಹೇಳುತ್ತಾರೆ. ಟ್ರ್ಯಾಕಿನ ಗೊಂದಲಕ್ಕೆ ಕಾರಣ ನಮ್ಮೂರಿನ ಮಾತೇ. ಪಟ್ಟಿ ಮೇಲೆ ಓಡುವ ಹಿಟಾಚಿಗೆ ನಾವು 'ಚೈನ್ ಗಾಡಿ' ಅನ್ನುತ್ತೇವೆ. ಹಾಗಾಗಿ 'ರಬ್ಬರ್ ಟ್ರ್ಯಾಕ್' ಎಂದು ಪೂರ್ತಿ ಬರೆಯಿರಿ, ಚೈನ್ ಪದವನ್ನು ಟೈರಿಗೆ ಮಾತ್ರ ಬಿಡಿ.

ಸಂಧಿಕಾರ್ಯ:

ಹಿಟಾಚಿ, ಜೆಸಿಬಿ ಕಂಪನಿಗಳ ಹೆಸರು. ಅವನ್ನು ಪದ ಎಂದು ಒಪ್ಪಿದ ದಿನವೇ ಕನ್ನಡ ಕೆಟ್ಟಿತು.

ಸಕಲೇಶಪುರದಿಂದ:

ಕೆಟ್ಟಿಲ್ಲ, ಕೆರೆ ಹೂಳು ಎತ್ತುತ್ತಿದೆ.

ಅಚ್ಚುಕಟ್ಟು:

ಇದೇ ಗುಲಾಮಿ ಬುದ್ಧಿ. ಇವತ್ತು ಯುಟಿವಿ, ನಾಳೆ ಕ್ರಿಯಾಪದವನ್ನೂ ಇಂಗ್ಲಿಷಿನಲ್ಲೇ ಬರೆಯುತ್ತೀರಿ. ರೈತರಿಗೆ ಬರೆಯುವಾಗಲಾದರೂ ರೈತರ ಕನ್ನಡದಲ್ಲಿ ಬರೆಯಬೇಡವೇ? ಅವರ ಜಮೀನಿಗೆ ಇಳಿದು ನೋಡಿ.

ನಿಘಂಟುಹುಳ:

'ರೈತ' ಅರಬ್ಬಿ. 'ಜಮೀನು' ಪಾರಸಿ. 'ಗುಲಾಮ' ಮತ್ತೆ ಅರಬ್ಬಿ. ಒಕ್ಕಲಿಗ, ಹೊಲ, ತೊತ್ತು ನಿಮ್ಮ ಹತ್ತಿರವೇ ಇದ್ದವಲ್ಲ ಸ್ವಾಮಿ.

ಅಚ್ಚುಕಟ್ಟು:

ಅವು ಬಂದು ನೂರಾರು ವರ್ಷವಾಯಿತು, ಅರಗಿವೆ. ಅರಗಿದ್ದಕ್ಕೂ ಇಡಿಯಾಗಿ ನುಂಗಿದ್ದಕ್ಕೂ ವ್ಯತ್ಯಾಸ ತಿಳಿಯದವರ ಜೊತೆ ವಾದ ಇಲ್ಲ.

ಡುಲೂತ್ ಕನ್ನಡಿಗ:

ಹೆಸರಿಟ್ಟವರೇ ಈ ವಿಷಯದಲ್ಲಿ ಅಷ್ಟು ಗಂಭೀರವಾಗಿರಲಿಲ್ಲ. ಕವಾಸಾಕಿ 1988ರಲ್ಲಿ ತಂದ ಗಾಡಿಗೆ 'ಮ್ಯೂಲ್' ಎಂದಿತು. ಹಲವು ಕೆಲಸದ ಹಗುರ ಸಲಕರಣೆ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಜೋಡಿಸಿ ಹೇಸರಗತ್ತೆ ಬರುವಂತೆ ಮಾಡಿದ್ದು. ದುಡಿಬಂಡಿ ಒಪ್ಪುವವರು ಹೇಸರಗತ್ತೆಯನ್ನೂ ಒಪ್ಪಬೇಕು.

ಕರಡುಪ್ರತಿಯವರೇ, ಹಲಗೆ ಪದ ಚೆನ್ನಾಗಿದೆ, ಅದನ್ನೇ ಇಡಿ. ಆದರೆ ಅಳತೆಯ ಭಾಗ ಅನುವಾದಿಸುವಾಗ ಎಚ್ಚರ. ಗಾಡಿಯ ಅಗಲ ಸುಮಾರು 62 ಇಂಚು. 66 ಇಂಚಿನ ಹಲಗೆ ಸಾಕಲ್ಲ ಎನಿಸುತ್ತದೆ. ಹಿಮವನ್ನು ಬದಿಗೆ ಸರಿಸಲು ಅದನ್ನು 30 ಡಿಗ್ರಿ ಓರೆ ಮಾಡಿದಾಗ ಬಳಿಯುವ ಅಗಲ 57 ಇಂಚಿಗೆ ಇಳಿಯುತ್ತದೆ, ಹೊರಗಿನ ಗಾಲಿ ಹಿಮದ ಮೇಲೆ ಹತ್ತಿ ಅದನ್ನು ತುಳಿದು ಗಟ್ಟಿ ಮಾಡುತ್ತದೆ. 72 ಇಂಚಿನದು ಅದೇ ಓರೆಯಲ್ಲಿ 62 ಉಳಿಸುತ್ತದೆ. ಜಲ್ಲಿ ದಾರಿಯಾದರೆ ಹಲಗೆಯ ಕೆಳಗಿನ ಜಾರುಪಾದಗಳನ್ನು ಇಳಿಸಿ ಅಂಚು ಅರ್ಧದಿಂದ ಒಂದು ಇಂಚು ಮೇಲಿರುವಂತೆ ಮಾಡಬೇಕು. ಇಲ್ಲದಿದ್ದರೆ ಜಲ್ಲಿಯೆಲ್ಲ ಹುಲ್ಲಿನ ಮೇಲೆ ಹೋಗಿ ಬೀಳುತ್ತದೆ.

ಹಲಗೆ ಎತ್ತುವುದು ವಿಂಚ್, ಅಂದರೆ ಹಗ್ಗ ಸುತ್ತಿ ಎಳೆಯುವ ಕರೆಂಟಿನ ರಾಟೆ. ಕೂಗಳತೆಯಷ್ಟು ದಾರಿ ಬಳಿಯುವಷ್ಟರಲ್ಲಿ ಅದು ಹತ್ತಾರು ಸಲ ಎತ್ತಿ ಇಳಿಸುತ್ತದೆ, ಪ್ರತಿ ಸಲವೂ ಹಗ್ಗದ ಅದೇ ಗೇಣುದ್ದ ಬಾಗುತ್ತದೆ, ತುಂಡಾಗುವುದೂ ಅಲ್ಲೇ. ವಿಂಚ್, ಹೀಟರಿನ ಫ್ಯಾನ್, ದೀಪ, ವೈಪರ್ ಒಟ್ಟಿಗೆ ಎಳೆದರೆ ಎಂಜಿನ್ ನಿಧಾನ ಓಟದಲ್ಲಿ ಕೊಡುವ ಕರೆಂಟ್ ಸಾಲದೆ ಬ್ಯಾಟರಿ ಇಳಿಯುತ್ತದೆ. ಎರಡನೇ ಬ್ಯಾಟರಿಗೆ ಜಾಗ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಡೀಸೆಲ್ ಗಾಡಿಯಾದರೆ ಇನ್ನೊಂದು. ಸಾಮಾನ್ಯ ಡೀಸೆಲ್‌ನಲ್ಲಿ ಮೈನಸ್ 10 ಡಿಗ್ರಿಯ ಆಸುಪಾಸಿನಲ್ಲೇ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟುತ್ತದೆ. ಚಳಿಗಾಲದ ಮಿಶ್ರಣ ಬೇಕು, ರಾತ್ರಿ ಪ್ಲಗ್ ಹಾಕಿ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಬೇಕು. ಇದನ್ನು 'ಡೀಸೆಲ್ ಹೆಪ್ಪುಗಟ್ಟುತ್ತದೆ' ಎಂದು ಅನುವಾದಿಸಬೇಡಿ. ಹೆಪ್ಪುಗಟ್ಟುವ ಎಷ್ಟೋ ಮುಂಚೆಯೇ ಗಾಡಿ ನಿಂತಿರುತ್ತದೆ.

ಕರಡುಪ್ರತಿ:

ಎಲ್ಲರಿಗೂ ಧನ್ಯವಾದ. ತಲೆಬರಹಕ್ಕೆ 'ಹಿಮದ ಕೆಲಸಕ್ಕೆ ಯಾವ ಯುಟಿವಿ?' ಎಂದು ಕೊಟ್ಟಿದ್ದೇನೆ. ಮೊದಲ ವಾಕ್ಯದಲ್ಲಿ 'ಪಕ್ಕಪಕ್ಕ ಸೀಟಿನ ಕೆಲಸದ ಗಾಡಿ' ಎಂದು ವಿವರಿಸಿ, ಆಮೇಲೆ ಉದ್ದಕ್ಕೂ ಯುಟಿವಿ, ಗಾಡಿ. ಹಲಗೆ, ರಬ್ಬರ್ ಟ್ರ್ಯಾಕ್, ಟೈರ್ ಚೈನ್, ಡ್ರೈವ್ ಬೆಲ್ಟ್, ಲೋ ಹಾಗೆಯೇ ಉಳಿದಿವೆ. ಮೂರನೇ ವಾಕ್ಯ ಈಗ: "ವೈಪರ್ ಬೇಕಿದ್ದರೆ ಪಾಲಿಕಾರ್ಬೊನೇಟ್ ಬಿಟ್ಟು ಗಾಜನ್ನೇ ಹಾಕಿಸಿ." ಜಾರುಪಾದಕ್ಕೆ ಇನ್ನೂ ಒಳ್ಳೆಯ ಪದ ಇದ್ದರೆ ಬೆಳಗ್ಗೆ 10ರೊಳಗೆ ತಿಳಿಸಿ.

ಸಂಧಿಕಾರ್ಯ:

ಬಹೂಪಯೋಗಿ ಎಲ್ಲಿ ಹೋಯಿತು?

ಅಚ್ಚುಕಟ್ಟು:

ಜಾರುಪಾದ ಬೇಡ. ಪಾದ ಸಂಸ್ಕೃತ. ಜಾರಡಿ.

ಸಕಲೇಶಪುರದಿಂದ:

ಜಾರಡಿ ಒಪ್ಪಿದೆ ಸಾರ್. ಮೊದಲ ಸಲ.