ನೀರೊಲೆಯ ಎಸ್‌ಎಸ್ ಕಾಯಿಲ್: ವೆಲ್ಡ್ ಗಟ್ಟಿ, ಪಕ್ಕದಲ್ಲೇ ಬಿರುಕು

ಕಡೂರು_ತೋಟ:
ಕಡೂರು ಕಡೆ ತೆಂಗಿನ ತೋಟ ನಮ್ಮದು. ಸ್ನಾನದ ನೀರಿಗೆ ಮಟ್ಟೆ ಉರಿಸೋ ಒಲೆ, ಒಳಗೆ ಒಂದಿಂಚಿನ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪಿನ ಕಾಯಿಲ್, ದಪ್ಪ 1.5 ಮಿ.ಮೀ. ಅಂಗಡಿಯಲ್ಲಿ 304 ಗ್ರೇಡ್ ಅಂತಲೇ ಕೊಟ್ಟಿದ್ದು. ಬೋರ್ ನೀರು ಸ್ವಲ್ಪ ಉಪ್ಪುಪ್ಪು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತೆ. ಎಂಟು ತಿಂಗಳಿಗೆ ಬೆಂಡ್ ಹತ್ತಿರದ ಜಾಯಿಂಟಲ್ಲಿ ಜಿನುಗಿತು. ಮೇಲೇ ವೆಲ್ಡ್ ಹೊಡೆಸಿದೆ. ಇಪ್ಪತ್ತು ದಿನ ಬಂತು. ಮತ್ತೆ ಹೊಡೆಸಿದೆ, ಮತ್ತೆ ಸೋರಿಕೆ. ವೆಲ್ಡ್ ಗೆರೆಗೆ ಏನೂ ಆಗಿಲ್ಲ, ಅದರಿಂದ ಎರಡು ಮೂರು ಮಿ.ಮೀ. ಆಚೆ ಕೂದಲೆಳೆಯಂಥ ಬಿರುಕು, ಸುತ್ತ ಕಂದು ಕಲೆ. ವೆಲ್ಡರ್ ಪೈಪ್ ಸರಿಯಿಲ್ಲ ಅಂತಾನೆ, ಅಂಗಡಿಯವರು ವೆಲ್ಡರ್ ಸರಿಯಿಲ್ಲ ಅಂತಾರೆ. ಯಾರನ್ನ ನಂಬಲಿ?

ಟಿಗ್_ಹಾಸನ:
ಇಬ್ಬರನ್ನೂ ಬಿಡಿ. ಆ ತುಂಡು ಕತ್ತರಿಸಿ, ಉದ್ದಕ್ಕೆ ಸೀಳಿ, ಒಳಮೈ ಹೇಗಿದೆ ಹೇಳಿ. ವೆಲ್ಡ್ ಮಾಡುವಾಗ ಪೈಪ್ ಒಳಗೂ ಗಾಳಿ ತಡೆಯೋ ಆರ್ಗಾನ್ ಗ್ಯಾಸ್ ಬಿಟ್ಟಿದ್ರಾ? ನೀರಿಲ್ಲದೆ ಒಲೆ ಹಚ್ಚಿದ್ದುಂಟಾ?

ಕಡೂರು_ತೋಟ:
ಸೀಳಿದೆ ಸಾರ್. ಒಳಗೆ ವೆಲ್ಡ್ ಗುಂಟ ಸೀದ ಬೆಲ್ಲದ ಥರ ಕರಿ ಗಂಟು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತೆ. ಒಳಗೆ ಗ್ಯಾಸ್ ಬಿಟ್ಟಿಲ್ಲ. ಕರೆಂಟ್ ಹೋಗಿ ಟ್ಯಾಂಕ್ ಖಾಲಿ ಇದ್ದಾಗ ಒಲೆ ಹಚ್ಚಿದ್ದು ಒಂದೆರಡು ಸಲ ಹೌದು.

ಟಿಗ್_ಹಾಸನ:
ಅದೇ ನೋಡಿ. ಆ ಗಂಟು ಕಾದ ಲೋಹ ಗಾಳಿ ತಾಗಿ ಸುಟ್ಟಿದ್ದು. ಒಳಗೂ ಆರ್ಗಾನ್ ತುಂಬಿದ್ದರೆ ಬೆಳ್ಳಿ ಬಣ್ಣ, ಹೆಚ್ಚೆಂದರೆ ಒಣಹುಲ್ಲಿನ ಬಣ್ಣ ಇರೋದು. ಗಂಟಿನ ಸಂದಿಯಲ್ಲಿ ಉಪ್ಪು ಕೂತು ಗಟ್ಟಿಯಾಗುತ್ತೆ, ತಿನ್ನೋಕೆ ಅಲ್ಲಿಂದಲೇ ಶುರು.

ಇನ್ನೊಂದು, ಸೆನ್ಸಿಟೈಸೇಶನ್. ಸ್ಟೇನ್‌ಲೆಸ್‌ಗೆ ತುಕ್ಕು ತಡೆಯೋದು ಕ್ರೋಮಿಯಂ. 425ರಿಂದ 850 ಡಿಗ್ರಿ ನಡುವೆ ಲೋಹ ಜಾಸ್ತಿ ಹೊತ್ತು ನಿಂತರೆ ಕಾರ್ಬನ್ ಅದನ್ನ ಎಳೆದುಕೊಂಡು ಲೋಹದ ಕಣಗಳ ಅಂಚಲ್ಲಿ ಕಾರ್ಬೈಡ್ ಆಗುತ್ತೆ. ಅಂಚಿನ ಪಕ್ಕ ಕ್ರೋಮಿಯಂ ಕಮ್ಮಿ ಬಿದ್ದು, ತುಕ್ಕು ಅದೇ ದಾರಿ ಹಿಡಿಯುತ್ತೆ. ವೆಲ್ಡ್‌ಗೆ ಅಂಟಿದ ಪಟ್ಟಿಯೇ ಈ ಬಿಸಿಗೆ ಸಿಗೋದು. ನಿಜ ಹೇಳಬೇಕಂದ್ರೆ 1.5 ಮಿ.ಮೀ. ಪೈಪಿಗೆ ಒಂದೇ ಸಲ ಚಕಚಕ ಹೊಡೆದಿದ್ದರೆ ಇಷ್ಟು ಕೆಡಲ್ಲ. ನೀವು ಅದೇ ಜಾಗ ಮೂರು ಸಲ ಕಾಯಿಸಿದ್ದೀರಿ, ಸಾಲದ್ದಕ್ಕೆ ಒಣಒಲೆ. ನಾಲ್ಕನೇ ಸಲ ಖಂಡಿತ ಬೇಡ.

ಮಲ್ನಾಡ್_ಗ್ಯಾರೇಜ್:
ಸುಮ್ನೆ 316 ಗ್ರೇಡ್ ಹಾಕ್ಸಿ ಗುರು, ಕಥೆ ಮುಗೀತು. ಅದಕ್ಕೂ ಮುಂಚೆ ಅಯಸ್ಕಾಂತ ಇಟ್ಟು ನೋಡಿ, ಹಿಡೀತು ಅಂದ್ರೆ ಡೂಪ್ಲಿಕೇಟ್.

ಟಿಗ್_ಹಾಸನ:
ಅಯಸ್ಕಾಂತದಿಂದ ಏನೂ ಗೊತ್ತಾಗಲ್ಲ. ಅಗ್ಗದ 202 ಗ್ರೇಡಿಗೂ ಅದು ಹಿಡಿಯಲ್ಲ, ಬೆಂಡ್ ಮಾಡಿದ ಅಸಲಿ 304 ಸ್ವಲ್ಪ ಹಿಡಿಯಬಹುದು. ಲೋಹ ಪರೀಕ್ಷೆಯ ಎಕ್ಸ್‌ರೇ ಗನ್ ಇಟ್ಟು ಟೆಸ್ಟ್ ಮಾಡೋ ಕಡೆ ತೋರಿಸಿದರೆ ನಿಕ್ಕಲ್ ಎಷ್ಟಿದೆ ಅಂತ ಗೊತ್ತಾಗುತ್ತೆ, 304 ಆದರೆ 8%ಗೆ ಕಮ್ಮಿ ಇರಬಾರದು. ಎಕ್ಸ್‌ರೇ ಗನ್ ಕಾರ್ಬನ್ ಹೇಳಲ್ಲ, ಹಾಗಾಗಿ 304ಎಲ್ ಹೌದೋ ಅಲ್ಲವೋ ತಿಳಿಯೋಕೆ ತಯಾರಿಸಿದ ಕಾರ್ಖಾನೆಯ ಮಿಲ್ ಸರ್ಟಿಫಿಕೇಟೇ ಬೇಕು. ಎಲ್ ಅಂದರೆ ಕಾರ್ಬನ್ 0.03%ಗಿಂತ ಮೇಲಿಲ್ಲ, ಸಾದಾ 304ರಲ್ಲಿ 0.08%ವರೆಗೂ ಇರಬಹುದು.

316 ಸ್ವಲ್ಪ ಜಾಸ್ತಿ ದಿನ ಬರಬಹುದು. ಆದರೆ 60 ಡಿಗ್ರಿ ದಾಟಿದ ಉಪ್ಪುನೀರು, ಜೊತೆಗೆ ಬೆಂಡ್, ವೆಲ್ಡ್ ಉಳಿಸಿದ ಎಳೆತ, ಇವೆಲ್ಲ ಸೇರಿದರೆ ಅದೂ ಬಿರುಕು ಬಿಡುತ್ತೆ. ಎಲ್ ಗ್ರೇಡ್ ಕಾರ್ಬೈಡ್ ಕಾಟಕ್ಕೆ ಸರಿ, ಈ ಥರದ ಬಿರುಕಿಗೆ ಔಷಧಿ ಅಲ್ಲ.

ನಾನಾದರೆ ಒಲೆಯೊಳಗೆ ಒಂದೂ ಜಾಯಿಂಟ್ ಇಡಲ್ಲ. ಒಂದೇ ಉದ್ದದ 304ಎಲ್ ಪೈಪ್ ಬೆಂಡ್ ಮಾಡಿಸಿ, ಜಾಯಿಂಟೆಲ್ಲ ಗೋಡೆಯಿಂದ ಆಚೆ. ಫಿಲ್ಲರ್ (ವೆಲ್ಡ್‌ಗೆ ತುಂಬೋ ಕಡ್ಡಿ) 308ಎಲ್, ಒಳಗೆ ಆರ್ಗಾನ್, ಕಮ್ಮಿ ಕರೆಂಟ್. ಎಂಎಸ್ (ಸಾದಾ ಕಬ್ಬಿಣ) ಉಜ್ಜಿದ ಬ್ರಷ್ ಇದಕ್ಕೆ ಮುಟ್ಟಿಸಬೇಡಿ. ಆಮೇಲೆ ವೆಲ್ಡ್ ಕಲೆ ತೆಗೆಯೋ ಪಿಕ್ಲಿಂಗ್ ಪೇಸ್ಟ್ ಹಚ್ಚಿ ಚೆನ್ನಾಗಿ ತೊಳೆಸಿ. ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತೆ, ಗ್ಲೌಸ್ ಕನ್ನಡಕ ಇಲ್ಲದೆ ಯಾರೂ ಹತ್ತಿರ ಹೋಗಬೇಡಿ. ಕಾಯಿಲ್‌ನಿಂದ ಹೊರಡೋ ಪೈಪಿಗೆ ವಾಲ್ವ್ ಹಾಕಿದ್ದರೆ ಇವತ್ತೇ ತೆಗೀರಿ, ಆವಿ ಕಟ್ಟಿದರೆ ಒಲೆಯೇ ಸಿಡಿಯುತ್ತೆ.

ಕಡೂರು_ತೋಟ:
ಜಾಯಿಂಟ್ ಆಚೆ ಹಾಕಿಸಿದೆ ಸಾರ್. ವಾಲ್ವ್ ಇತ್ತು, ತೆಗೆಸಿದೆ. ಹದಿನೈದು ದಿನ ಆಯ್ತು, ಹನಿ ಇಲ್ಲ.

ಟಿಗ್_ಹಾಸನ:
ಹದಿನೈದು ದಿನ ಲೆಕ್ಕಕ್ಕಿಲ್ಲ, ಎಂಟು ತಿಂಗಳು ದಾಟಲಿ. ಆ ಸೀಳಿದ ತುಂಡು ಗುಜರಿಗೆ ಹಾಕಬೇಡಿ, ಈ ಕಡೆ ಬಂದಾಗ ತನ್ನಿ. ನಮ್ಮ ಹುಡುಗರಿಗೆ ತೋರಿಸಬೇಕು.